ಮನೆಯಲ್ಲೇ ಸೋಪು, ಸೀಗೆಪುಡಿ, ತಲೆಗೆಣ್ಣೆ: ಮೊದಲು ಕೇಳಬೇಕಾದ್ದು ‘ಇದರಲ್ಲಿ ನೀರಿದೆಯಾ?’

ಯಾವ ವಾಟ್ಸ್‌ಆ್ಯಪ್ ಗುಂಪು ತೆಗೆದರೂ ಈಗ ಒಬ್ಬರಾದರೂ ಮನೆಯಲ್ಲಿ ಮಾಡಿದ ಸೋಪು ಮಾರುತ್ತಿರುತ್ತಾರೆ. ರೀಲ್ಸ್ ನೋಡಿದರೆ ಲೋಳೆಸರದ ಜೆಲ್, ಅಕ್ಕಿ ತೊಳೆದ ನೀರಿನ ಟೋನರ್, ಬೀಟ್‌ರೂಟ್ ಲಿಪ್ ಬಾಮ್. ಎಲ್ಲದರ ಮೇಲೂ ಒಂದೇ ಮಾತು, ‘ಕೆಮಿಕಲ್ ಇಲ್ಲ’. ನಾವೂ ಮಾಡೋಣ ಅನಿಸುವುದು ಸಹಜ, ತಪ್ಪೂ ಇಲ್ಲ. ಆದರೆ ಮಾಡಿಟ್ಟ ಜೆಲ್ ನಾಲ್ಕು ದಿನಕ್ಕೆ ಯಾಕೆ ವಾಸನೆ ಬಂತು, ಸೋಪಿಗೆ ಕಾಸ್ಟಿಕ್ ಸೋಡಾ ಯಾಕೆ ಹಾಕಲೇಬೇಕು, ಅಜ್ಜಿ ಬೇಸಿಗೆಯಲ್ಲಿ ಮಾಡಿಟ್ಟ ಸೀಗೆಪುಡಿ ದೀಪಾವಳಿ ದಾಟಿದರೂ ಕೆಡದೆ ಹೇಗೆ ಇರುತ್ತಿತ್ತು, ಇದನ್ನು ಮೂವತ್ತು ಸೆಕೆಂಡಿನ ವಿಡಿಯೋ ಹೇಳುವುದಿಲ್ಲ. ಹೇಳಲು ಜಾಗವೂ ಇಲ್ಲ ಬಿಡಿ. ಹಾಗಾಗಿ ಬುಡದಿಂದ ನೋಡೋಣ.

## ಎಲ್ಲಕ್ಕಿಂತ ಮೊದಲು ನೀರು

ಮೈಗೆ, ಮುಖಕ್ಕೆ, ತಲೆಗೆ ಅಂತ ವಿಂಗಡಿಸುವ ಮೊದಲು ಇನ್ನೊಂದು ರೀತಿ ವಿಂಗಡಿಸಿ. ನೀರು ಇರುವುದು, ನೀರು ಇಲ್ಲದ್ದು.

ಚಟ್ನಿಪುಡಿ ತಿಂಗಳುಗಟ್ಟಲೆ ಡಬ್ಬಿಯಲ್ಲಿ ಇರುತ್ತದೆ. ಬೆಳಗ್ಗೆ ರುಬ್ಬಿದ ಕಾಯಿಚಟ್ನಿ ಸಂಜೆಗೆ ಹುಳಿ ಬರುತ್ತದೆ. ಎರಡರಲ್ಲೂ ಕಾಯಿ, ಮೆಣಸಿನಕಾಯಿ, ಉಪ್ಪು ಎಲ್ಲ ಇದೆ. ಇರುವ ವ್ಯತ್ಯಾಸ ನೀರು ಮಾತ್ರ. ಬ್ಯಾಕ್ಟೀರಿಯಾ, ಬೂಷ್ಟು ಇವಕ್ಕೆ ಬೆಳೆಯಲು ನೀರು ಬೇಕೇ ಬೇಕು. ಒಣ ಪುಡಿಯಲ್ಲಿ, ಶುದ್ಧ ಎಣ್ಣೆಯಲ್ಲಿ ಅವಕ್ಕೆ ನೀರು ಸಿಗುವುದಿಲ್ಲ. ಲೋಳೆಸರದ ರಸ, ಹಣ್ಣಿನ ರಸ, ಗುಲಾಬಿ ನೀರು, ಮನೆಯಲ್ಲಿ ಕಲಸಿದ ಕ್ರೀಮು ಇವುಗಳಲ್ಲಿ ನೀರಿದೆ, ಕೆಲವದರಲ್ಲಿ ತಿನ್ನಲು ಸಕ್ಕರೆ, ಪಿಷ್ಟವೂ ಇದೆ.

ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು. ಹಳೆಯ ಕಾಲದವರು ಮಾಡಿ ಇಟ್ಟುಕೊಳ್ಳುತ್ತಿದ್ದ ಪದಾರ್ಥಗಳನ್ನು ನೋಡಿ: ಸೀಗೆಪುಡಿ, ಕಡಲೆಹಿಟ್ಟು, ಕಸ್ತೂರಿ ಅರಿಶಿನ, ಕಾಯಿಸಿದ ಎಣ್ಣೆ. ಎಲ್ಲವೂ ಒಣದು, ಇಲ್ಲವೇ ಎಣ್ಣೆ. ಒದ್ದೆಯದನ್ನು ಅವರು ಮಾಡುತ್ತಿರಲಿಲ್ಲ ಎಂದಲ್ಲ. ದಾಸವಾಳದ ಎಲೆಯನ್ನೋ ಮಲೆನಾಡಿನ ಕಡೆ ಮತ್ತಿ ಸೊಪ್ಪನ್ನೋ ನೀರಲ್ಲಿ ಕಿವುಚಿ ಲೋಳೆ ತೆಗೆದು ತಲೆಗೆ ಹಚ್ಚುತ್ತಿದ್ದರು. ಆದರೆ ಅದು ಆಗಲೇ ಕಿವುಚಿ ಆಗಲೇ ಮುಗಿಸುವ ವ್ಯವಹಾರ. ಬಾಟಲಿಗೆ ತುಂಬಿ ಶೆಲ್ಫಲ್ಲಿ ಇಡುತ್ತಿರಲಿಲ್ಲ.

## ಪಿಎಚ್ ಎಂದರೇನು? ಅರಿಶಿನದ ಕಲೆಯನ್ನು ಕೇಳಿ

ಇನ್ನೊಂದು ಶಬ್ದ ಮತ್ತೆ ಮತ್ತೆ ಬರುತ್ತದೆ, ಪಿಎಚ್. ಒಂದು ವಸ್ತು ಎಷ್ಟು ಹುಳಿ, ಎಷ್ಟು ಕ್ಷಾರ ಎಂದು ಹೇಳುವ ಅಳತೆ ಇದು. ಸಾಮಾನ್ಯವಾಗಿ 0ಯಿಂದ 14ರವರೆಗೆ. 7 ಎಂದರೆ ಎರಡೂ ಅಲ್ಲ, ಶುದ್ಧ ನೀರು. ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ನಿಂಬೆರಸ ಸುಮಾರು 2. ಅಡುಗೆ ಸೋಡಾ ಕದಡಿದ ನೀರು 8ರ ಆಸುಪಾಸು. ಮೈ ಸೋಪಿನ ನೊರೆ 9ರಿಂದ 10. ನಮ್ಮ ಚರ್ಮದ ಮೇಲ್ಪದರ ತುಸು ಹುಳಿ, 5ರ ಹತ್ತಿರ. ಒಂದು ಸಂಗತಿ ಗಮನಿಸಿ: ಇಲ್ಲಿ ಒಂದೊಂದು ಅಂಕಿಗೂ ಹತ್ತು ಪಟ್ಟು ವ್ಯತ್ಯಾಸ. ಅಂದರೆ 2 ಮತ್ತು 5ರ ನಡುವೆ ಇರುವುದು ಸಾವಿರ ಪಟ್ಟು.

ಇದನ್ನು ಮನೆಯಲ್ಲೇ ಕಣ್ಣಾರೆ ನೋಡಬಹುದು. ಬಿಳಿ ಅಂಗಿ ಮೇಲೆ ಸಾರು ಚೆಲ್ಲಿ ಹಳದಿ ಕಲೆಯಾಗಿದೆ ಅಂದುಕೊಳ್ಳಿ. ಸೋಪು ತಿಕ್ಕಿದ ಕೂಡಲೇ ಕಲೆ ಕೆಂಪಗಾಗುತ್ತದೆ, ಅಲ್ವಾ? ನೀರಲ್ಲಿ ಜಾಲಿಸಿದರೆ ಮತ್ತೆ ಹಳದಿ. ಅರಿಶಿನದ ಬಣ್ಣ ಕ್ಷಾರ ತಾಗಿದರೆ ಕೆಂಪಾಗುತ್ತದೆ, ಕ್ಷಾರ ಹೋದರೆ ಹಳದಿಗೆ ಮರಳುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಯ ಓಕುಳಿ ಕೆಂಪು ಮಾಡುವುದೂ ಇದೇ ಗುಣದಿಂದ. ಒಂದು ಬಿಳಿ ಕಾಗದಕ್ಕೆ ಅರಿಶಿನದ ನೀರು ಸವರಿ ಒಣಗಿಸಿ. ಒಂದು ಕಡೆ ಸೋಪಿನ ನೀರು, ಇನ್ನೊಂದು ಕಡೆ ಸೀಗೆಕಾಯಿ ನೆನೆಸಿದ ನೀರು ಬಿಡಿ. ಸೋಪು ಬಿದ್ದ ಕಡೆ ಕೆಂಪು, ಸೀಗೆ ಬಿದ್ದ ಕಡೆ ಹಾಗೇ ಹಳದಿ. ಸೀಗೆ ತುಸು ಹುಳಿ, ಅದಕ್ಕೆ.

‘ನೈಸರ್ಗಿಕ’ ಎಂಬ ಮಾತು ಪಿಎಚ್ ಬಗ್ಗೆ ಏನೂ ಹೇಳುವುದಿಲ್ಲ. ನಿಂಬೆಹಣ್ಣು ಮರದಲ್ಲೇ ಬಿಡುತ್ತದೆ. ಹಾಗಂತ ಮುಖಕ್ಕೆ ಸೌಮ್ಯವಲ್ಲ.

## ಸೀಗೆ, ಅಂಟುವಾಳ ಕೊಳೆ ತೆಗೆಯುವುದು ಹೇಗೆ

ಕೊಳೆ ಎಂದರೆ ಬಹುಪಾಲು ಎಣ್ಣೆ, ಅದಕ್ಕೆ ಅಂಟಿದ ಧೂಳು. ನೀರು ಎಣ್ಣೆ ಸೇರುವುದಿಲ್ಲ, ಹಾಗಾಗಿ ಬರೀ ನೀರಿನಲ್ಲಿ ಅದು ಹೋಗುವುದಿಲ್ಲ. ನಡುವೆ ಒಂದು ವಸ್ತು ಬೇಕು. ಅದರ ಅಣುವಿನ ಒಂದು ತುದಿ ಎಣ್ಣೆಯನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು ಹಿಡಿಯುತ್ತದೆ. ನೀರು ಹರಿದಾಗ ಎಣ್ಣೆಯನ್ನೂ ಎಳೆದುಕೊಂಡು ಹೋಗುತ್ತದೆ. ಸೋಪು ಮಾಡುವುದು ಇದನ್ನೇ, ಅಂಗಡಿಯ ಶಾಂಪೂ ಮಾಡುವುದೂ ಇದನ್ನೇ. ಸೀಗೆಕಾಯಿ, ಅಂಟುವಾಳದ ಸಿಪ್ಪೆಯಲ್ಲಿ ಸಪೋನಿನ್ ಎಂಬ ವಸ್ತು ಇದೇ ಕೆಲಸ ಮಾಡುತ್ತದೆ. ಅಂಟುವಾಳವನ್ನು ಕೆಲವು ಕಡೆ ನೊರೆಕಾಯಿ ಎಂದೇ ಕರೆಯುತ್ತಾರೆ. ಕಡಲೆಹಿಟ್ಟು, ಹೆಸರುಹಿಟ್ಟಿನ ದಾರಿ ಬಹುಮಟ್ಟಿಗೆ ಬೇರೆ. ಅವು ಎಣ್ಣೆಯನ್ನು ಹೀರಿಕೊಂಡು ಉದುರುತ್ತವೆ.

ಸೀಗೆಪುಡಿಗೆ ಮನೆಗೊಂದು ಅಳತೆ ಇರುತ್ತದೆ. ಶುರು ಮಾಡುವವರಿಗೆ 1 ಕಿಲೋ ಸೀಗೆಕಾಯಿ, ಕಾಲು ಕಿಲೋ ಅಂಟುವಾಳ, ಕಾಲು ಕಿಲೋ ಹೆಸರುಕಾಳು, 100 ಗ್ರಾಂ ಮೆಂತ್ಯ ಸಾಕು. ಒಂದೆರಡು ಹಿಡಿ ಒಣಗಿದ ದಾಸವಾಳದ ಎಲೆ, ಕರಿಬೇವು ಸೇರಿಸಬಹುದು. ಅಂಟುವಾಳದ ಒಳಗಿನ ಕಪ್ಪು ಬೀಜ ತೆಗೆಯಬೇಕು. ನೊರೆ ಇರುವುದು ಸಿಪ್ಪೆಯಲ್ಲಿ, ಬೀಜ ಮಿಕ್ಸಿ ಬ್ಲೇಡ್ ಹಾಳು ಮಾಡುತ್ತದೆ ಅಷ್ಟೇ. ಎಲ್ಲವನ್ನೂ ಬಿಸಿಲಿಗೆ ಹರಡಿ. ಸೀಗೆಕಾಯಿ ಮುರಿದರೆ ಬಾಗದೆ ಟಪ್ ಎನ್ನಬೇಕು, ಕರಿಬೇವು ಮುಷ್ಟಿಯಲ್ಲಿ ಪುಡಿಯಾಗಬೇಕು. ಈ ಒಣಗಿಸುವ ಕೆಲಸದಲ್ಲಿ ಅವಸರ ಮಾಡಿದರೆ ಪುಡಿ ಗಂಟು ಕಟ್ಟುತ್ತದೆ, ಹುಳ ಬೀಳುತ್ತದೆ. ಬೀಸಿಸುವ ಮೊದಲು ಗಿರಣಿಯಲ್ಲಿ ಕೇಳಿಕೊಳ್ಳಿ. ಕೆಲವು ಕಡೆ ಸೀಗೆಗೇ ಬೇರೆ ಮಷಿನ್ ಇರುತ್ತದೆ. ಆ ಘಾಟು ಸೀನು ತರಿಸುತ್ತದೆ, ಮುಂದೆ ಬರುವ ರಾಗಿಹಿಟ್ಟಿಗೂ ಹತ್ತುತ್ತದೆ.

ಕಣ್ಣಿಗೆ ಬಿದ್ದರೆ ಸೀಗೆಯೂ ಅಂಟುವಾಳವೂ ಚೆನ್ನಾಗಿ ಉರಿಸುತ್ತವೆ. ನರಕ ಚತುರ್ದಶಿಯ ಬೆಳಗ್ಗೆ ಅಳುತ್ತಾ ಎಣ್ಣೆಸ್ನಾನ ಮಾಡಿಸಿಕೊಂಡವರಿಗೆ ಇದನ್ನು ಹೇಳಬೇಕಿಲ್ಲ. ಚಿಕ್ಕ ಮಕ್ಕಳಿಗೆ ತಲೆ ಹಿಂದಕ್ಕೆ ಬಾಗಿಸಿ ಹಾಕಿ.

ಇನ್ನು ಅಂಟುವಾಳವನ್ನು ಕುದಿಸಿ ಸೋಸಿ ‘ನ್ಯಾಚುರಲ್ ಶಾಂಪೂ’ ಎಂದು ಬಾಟಲಿಗೆ ತುಂಬುವುದು ಈಗ ರೂಢಿ. ನೀರು ಸೇರಿತು, ಲೆಕ್ಕ ಬದಲಾಯಿತು. ಹೊರಗೆ ಇಟ್ಟರೆ ಎರಡು ಮೂರು ದಿನಕ್ಕೆ ಹುಳಿ ವಾಸನೆ ಹೊಡೆಯುತ್ತದೆ. ಫ್ರಿಜ್ಜಲ್ಲಿ ಒಂದು ವಾರ ಇಡಬಹುದು. ಐಸ್ ಟ್ರೇಗೆ ಹಾಕಿ ಗಟ್ಟಿ ಮಾಡಿ, ಬೇಕಾದಾಗ ಒಂದೆರಡು ತುಂಡು ಕರಗಿಸಿಕೊಳ್ಳುವುದು ನನಗೆ ಕಂಡ ಒಳ್ಳೆಯ ಉಪಾಯ.

## ಕಾಯಿಸಿದ ಎಣ್ಣೆ: ಗುಳ್ಳೆ ನಿಲ್ಲುವ ಹೊತ್ತು

ತಲೆಗೆಣ್ಣೆ ಕಾಯಿಸುವುದರಲ್ಲಿ ಇರುವ ಮುಖ್ಯ ಕೆಲಸ ಸೊಪ್ಪಿನ ನೀರನ್ನು ಓಡಿಸುವುದು. ಕೊಬ್ಬರಿ ಎಣ್ಣೆಗೆ ಗರಗದ ಸೊಪ್ಪು, ಒಂದೆಲಗ, ಕರಿಬೇವು, ದಾಸವಾಳ ಜಜ್ಜಿ ಹಾಕಿ ಸಣ್ಣ ಉರಿಯಲ್ಲಿ ಇಟ್ಟರೆ ಗುಳ್ಳೆ ಏಳುತ್ತದೆ. ಎಣ್ಣೆ ಕುದಿಯುತ್ತಿದೆ ಎನ್ನುತ್ತೇವೆ, ಆದರೆ ಕುದಿಯುತ್ತಿರುವುದು ಎಣ್ಣೆಯಲ್ಲ. ಸೊಪ್ಪಿನೊಳಗಿನ ನೀರು 100 ಡಿಗ್ರಿಗೆ ಆವಿಯಾಗಿ ಮೇಲೆ ಬರುತ್ತಿದೆ. ನೀರು ಇರುವ ತನಕ ಎಣ್ಣೆಯ ಬಿಸಿಯೂ ಅದಕ್ಕಿಂತ ಬಹಳ ಮೇಲೆ ಹೋಗುವುದಿಲ್ಲ. ನೀರು ಮುಗಿಯುತ್ತಾ ಬಂದಂತೆ ಗುಳ್ಳೆ ಸಣ್ಣದಾಗುತ್ತದೆ, ಸದ್ದು ಇಳಿಯುತ್ತದೆ, ಸೊಪ್ಪು ಗರಿಗರಿಯಾಗುತ್ತದೆ. ಅಲ್ಲಿಂದ ಮುಂದೆ ಬಿಸಿ ತಡೆಯುವವರೇ ಇಲ್ಲ, ಒಂದೆರಡು ನಿಮಿಷದಲ್ಲಿ ಸೊಪ್ಪು ಸೀದು ಎಣ್ಣೆ ಕಹಿ ವಾಸನೆ ಹಿಡಿಯುತ್ತದೆ. ಹಾಗಾಗಿ ಸದ್ದು ಇಳಿಯುವಾಗ ಒಲೆಯ ಮುಂದೆಯೇ ಇರಬೇಕು.

ನೀರು ಪೂರ್ತಿ ಹೋಯಿತೋ ಇಲ್ಲವೋ ನೋಡಲು ಹಳೆಯ ಪರೀಕ್ಷೆ ಒಂದಿದೆ. ಆ ಎಣ್ಣೆಯಲ್ಲಿ ಒಂದು ಹತ್ತಿ ಬತ್ತಿ ಅದ್ದಿ ಹಚ್ಚಿ. ಚಟಚಟ ಎಂದರೆ ಇನ್ನೂ ನೀರಿದೆ. ಸುಮ್ನೆ ಉರಿದರೆ ಇಳಿಸಬಹುದು. ಹಸಿ ಸೊಪ್ಪನ್ನು ತಣ್ಣನೆ ಎಣ್ಣೆಯಲ್ಲಿ ಹಾಕಿ ಕಿಟಕಿಯ ಬಿಸಿಲಿಗೆ ಇಡುವ ವಿಧಾನಕ್ಕಿಂತ ಕಾಯಿಸಿದ್ದು ಜಾಸ್ತಿ ದಿನ ಬಾಳುವುದು ಇದೇ ಕಾರಣಕ್ಕೆ. ಬಿಸಿಲಿಗೆ ಇಡುವುದೇ ಆದರೆ ಪೂರ್ತಿ ಒಣಗಿದ ಸೊಪ್ಪನ್ನೇ ಬಳಸಿ.

ಎಣ್ಣೆಗೆ ಬೂಷ್ಟು ಬರದಿದ್ದರೂ ಅದು ಕಮಟು ಹಿಡಿಯುತ್ತದೆ. ಗಾಳಿಯ ಆಮ್ಲಜನಕ, ಬೆಳಕು, ಬಿಸಿ ಸೇರಿ ಆಗುವ ಬದಲಾವಣೆ ಅದು. ಕೊಬ್ಬರಿ ಎಣ್ಣೆ ಬೇಗ ಕಮಟುವುದಿಲ್ಲ. ಸೂರ್ಯಕಾಂತಿ, ಅಗಸೆ ಎಣ್ಣೆ ಬೇಗ. ಗಾಢ ಬಣ್ಣದ ಗಾಜಿನ ಬಾಟಲಿ, ಬಿಗಿ ಮುಚ್ಚಳ, ಒಣಗಿದ ಚಮಚ, ಇಷ್ಟು ಸಾಕು. ವಿಟಮಿನ್ ಇ ಹಾಕಿದರೆ ಕಮಟುವುದು ತಡವಾಗುತ್ತದೆ. ಆದರೆ ಅದು ಬ್ಯಾಕ್ಟೀರಿಯಾ ಕೊಲ್ಲುವುದಿಲ್ಲ. ಇವೆರಡನ್ನೂ ಒಂದೇ ಎಂದುಕೊಂಡು ಲೋಳೆಸರದ ಜೆಲ್‌ಗೆ ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಾಕಿ ‘ಆರು ತಿಂಗಳು ಇರುತ್ತೆ’ ಎನ್ನುವ ವಿಡಿಯೋಗಳಿವೆ. ಇರುವುದಿಲ್ಲ.

ಮೊದಲ ಸಲ ಏನಾದರೂ ಮಾಡುವವರು ಲಿಪ್ ಬಾಮ್‌ನಿಂದ ಶುರು ಮಾಡಬಹುದು. ಜೇನುಮೇಣ ಒಂದು ಪಾಲು, ಎಣ್ಣೆ ಮೂರ್ನಾಲ್ಕು ಪಾಲು, ಬಿಸಿನೀರಿನ ಮೇಲೆ ಪಾತ್ರೆ ಇಟ್ಟು ಕರಗಿಸಿ ಡಬ್ಬಿಗೆ ಹಾಕಿದರೆ ಮುಗಿಯಿತು. ನೀರೇ ಇಲ್ಲ. ಬೀಟ್‌ರೂಟ್ ರಸ ಮಾತ್ರ ಹಾಕಬೇಡಿ. ಅದರ ಬಣ್ಣ ನೀರಿನಲ್ಲಿ ಕರಗುವಂಥದ್ದು, ಎಣ್ಣೆ ಮೇಣದಲ್ಲಿ ಸೇರದೆ ಹನಿಹನಿಯಾಗಿ ಕೂತು ಅಲ್ಲೇ ಕೆಡಲು ಶುರುವಾಗುತ್ತದೆ. ಕೆಂಪು ಬೇಕಿದ್ದರೆ ಗ್ರಂದಿಗೆ ಅಂಗಡಿಯಲ್ಲಿ ರತನ್‌ಜೋತ್ ಬೇರು ಸಿಗುತ್ತದೆ. ಅದನ್ನು ಎಣ್ಣೆಯಲ್ಲಿ ಬಿಸಿ ಮಾಡಿ ಸೋಸಿದರೆ ಒಳ್ಳೆ ಕೆಂಪು ಬಿಡುತ್ತದೆ.

## ಸೋಪು: ಕಾಸ್ಟಿಕ್ ಇಲ್ಲದೆ ಯಾಕಾಗುವುದಿಲ್ಲ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಜಾಸ್ತಿ ಗೊಂದಲ ಇರುವುದು ಇಲ್ಲೇ.

ಸೋಪು ಎಂದರೆ ಎಣ್ಣೆಯೂ ಕ್ಷಾರವೂ ಸೇರಿ ಹುಟ್ಟುವ ಮೂರನೆಯ ವಸ್ತು. ಎಣ್ಣೆಯ ಜೊತೆ ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಕಾಸ್ಟಿಕ್ ಸೋಡಾ, ಸೇರಿದಾಗ ಎಣ್ಣೆಯ ಅಣು ಒಡೆದು ಸೋಪು ಮತ್ತು ಗ್ಲಿಸರಿನ್ ಆಗುತ್ತದೆ. ಅಳತೆ ಸರಿಯಿದ್ದರೆ ಕೊನೆಗೆ ಕಾಸ್ಟಿಕ್ ಒಂದು ಚೂರೂ ಉಳಿಯುವುದಿಲ್ಲ, ಪೂರ್ತಿ ಖರ್ಚಾಗಿರುತ್ತದೆ. ಹಿಂದೆ ಬಟ್ಟೆಗೆ ಬೂದಿನೀರು, ಚೌಳು ಮಣ್ಣು ಬಳಸುತ್ತಿದ್ದರಲ್ಲ, ಅವೂ ಕ್ಷಾರಗಳೇ. 1916ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನದ ಸೋಪು ಕಾರ್ಖಾನೆ ಶುರುವಾಗಿ ಮೈಸೂರು ಸ್ಯಾಂಡಲ್ ಹುಟ್ಟಿದ್ದರ ಹಿಂದೆ ಇದ್ದದ್ದೂ ಇದೇ ಕ್ರಿಯೆ. ಗಂಧದೆಣ್ಣೆ ಪರಿಮಳ ಕೊಟ್ಟಿತು, ಸೋಪು ಮಾಡಿದ್ದು ಕ್ಷಾರ.

‘ಕಾಸ್ಟಿಕ್ ಇಲ್ಲದ ಸೋಪು’ ಎಂದು ಮನೆಯಲ್ಲಿ ಮಾಡುವುದು ಸಾಮಾನ್ಯವಾಗಿ ಸೋಪ್ ಬೇಸ್ ಕರಗಿಸಿ ಅಚ್ಚಿಗೆ ಹೊಯ್ಯುವುದು. ಆ ಬೇಸ್ ಕಾರ್ಖಾನೆಯಲ್ಲಿ ಆಗಲೇ ಸೋಪಾಗಿ ಬಂದಿರುತ್ತದೆ. ಮಕ್ಕಳ ಜೊತೆ ಮಾಡಲು ಇದೇ ವಾಸಿ. ಆದರೆ ನೀವು ಅಲ್ಲಿ ಸೇರಿಸುವುದು ಬಣ್ಣ, ಪರಿಮಳ ಅಷ್ಟೇ. ಬೇಸ್‌ನಲ್ಲಿ ಏನಿದೆ ಎಂದು ಪ್ಯಾಕೆಟ್ ಓದಿಯೇ ತಿಳಿಯಬೇಕು.

ಎಣ್ಣೆಯಿಂದಲೇ ಶುರು ಮಾಡುವುದಾದರೆ ಲೆಕ್ಕ ಮುಖ್ಯ. ಒಂದೊಂದು ಎಣ್ಣೆಗೆ ಬೇಕಾಗುವ ಕಾಸ್ಟಿಕ್ ಬೇರೆ ಬೇರೆ. 1 ಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು 0.183 ಗ್ರಾಂ, ಎಳ್ಳೆಣ್ಣೆಗೆ 0.134, ಹರಳೆಣ್ಣೆಗೆ 0.128. ಈಗ 300 ಗ್ರಾಂ ಕೊಬ್ಬರಿ ಎಣ್ಣೆ, 150 ಗ್ರಾಂ ಎಳ್ಳೆಣ್ಣೆ, 50 ಗ್ರಾಂ ಹರಳೆಣ್ಣೆ ತೆಗೆದುಕೊಂಡರೆ 54.9, 20.1, 6.4, ಒಟ್ಟು 81.4 ಗ್ರಾಂ ಕಾಸ್ಟಿಕ್. ಇಷ್ಟನ್ನೂ ಹಾಕುವುದಿಲ್ಲ. ಶೇ 5ರಷ್ಟು ಕಡಿಮೆ ಮಾಡಿ 77.3 ಗ್ರಾಂ ಹಾಕುತ್ತಾರೆ. ಆಗ ಸ್ವಲ್ಪ ಎಣ್ಣೆ ಸೋಪಾಗದೆ ಉಳಿಯುತ್ತದೆ. ಅದೇ ಸೋಪನ್ನು ಮೃದು ಮಾಡುವುದು, ತೂಕದ ಸಣ್ಣಪುಟ್ಟ ವ್ಯತ್ಯಾಸವನ್ನೂ ತಡೆದುಕೊಳ್ಳುವುದು. ನೀರು ಸುಮಾರು 160 ಗ್ರಾಂ. ಬರೀ ಕೊಬ್ಬರಿ ಎಣ್ಣೆಯ ಸೋಪು ನೊರೆ ಚೆನ್ನಾಗಿ ಕೊಡುತ್ತದೆ, ಆದರೆ ಚರ್ಮ ಒಣಗಿಸುತ್ತದೆ. ಅದಕ್ಕೆ ಶೇ 20ರವರೆಗೂ ಕಾಸ್ಟಿಕ್ ಕಡಿಮೆ ಮಾಡುತ್ತಾರೆ.

ಲೋಟ, ಚಮಚದ ಅಳತೆ ಇಲ್ಲಿ ನಡೆಯುವುದಿಲ್ಲ. ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಬೇಕೇ ಬೇಕು. ಎಣ್ಣೆಯ ಹೆಸರು, ತೂಕ ಕೊಟ್ಟರೆ ಕಾಸ್ಟಿಕ್ ಎಷ್ಟೆಂದು ಹೇಳುವ ಲೆಕ್ಕಯಂತ್ರಗಳು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಯಾರದೇ ಅಳತೆ ಸಿಕ್ಕರೂ, ಮೇಲೆ ನಾನು ಕೊಟ್ಟದ್ದೂ ಸೇರಿ, ಒಮ್ಮೆ ಅದರಲ್ಲಿ ಹಾಕಿ ನೋಡಿ. ಒಂದು ಎಣ್ಣೆ ಇಲ್ಲವೆಂದು ಇನ್ನೊಂದನ್ನು ಹಾಕಿದರೆ ಲೆಕ್ಕವನ್ನೂ ಹೊಸದಾಗಿ ಮಾಡಬೇಕು.

### ಕಾಸ್ಟಿಕ್ ಮುಟ್ಟುವ ಮೊದಲು

ಇದು ಚರ್ಮ ಸುಡುವ ವಸ್ತು, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕನ್ನಡಕ ಮಾದರಿಯ ರಕ್ಷಣಾ ಗಾಗಲ್, ರಬ್ಬರ್ ಕೈಗವಸು, ತೋಳು ಮುಚ್ಚುವ ಬಟ್ಟೆ ಇಲ್ಲದೆ ಶುರು ಮಾಡಬೇಡಿ. ಯಾವಾಗಲೂ ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಹೊಯ್ಯಬಾರದು. ಹೊಯ್ದರೆ ಒಮ್ಮೆಲೇ ಕುದಿದು ಸಿಡಿಯುತ್ತದೆ. ಸರಿಯಾಗಿ ಹಾಕಿದರೂ ನೀರು ತಾನಾಗಿಯೇ 80 ಡಿಗ್ರಿ ದಾಟುವಷ್ಟು ಬಿಸಿಯಾಗುತ್ತದೆ, ಘಾಟು ಬರುತ್ತದೆ, ಹಾಗಾಗಿ ಕಿಟಕಿ ತೆಗೆದಿರಲಿ. ಅಲ್ಯೂಮಿನಿಯಂ ಪಾತ್ರೆ ಖಂಡಿತ ಬೇಡ. ಕಾಸ್ಟಿಕ್ ಅದನ್ನು ತಿಂದು ಹೊತ್ತಿ ಉರಿಯಬಲ್ಲ ಹೈಡ್ರೋಜನ್ ಅನಿಲ ಬಿಡುತ್ತದೆ. ಸ್ಟೀಲು, ಇಲ್ಲವೇ ಬಿಸಿ ತಡೆಯುವ ಗಟ್ಟಿ ಪ್ಲಾಸ್ಟಿಕ್ಕು ಆಗಬಹುದು. ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸದಿರುವುದು ಒಳ್ಳೆಯದು.

ಕರಗಿದ ಮೇಲೆ ಕಾಸ್ಟಿಕ್ ನೀರು ನೋಡಲು ಥೇಟ್ ಕುಡಿಯುವ ನೀರು. ಹಳೆಯ ನೀರಿನ ಬಾಟಲಿಯಲ್ಲಿ ತುಂಬಿಡಲೇಬೇಡಿ. ಮಕ್ಕಳು ಶಾಲೆಗೆ ಹೋದ ಮೇಲೆ ಮಾಡುವುದೇ ಕ್ಷೇಮ. ಮೈಮೇಲೆ ಬಿದ್ದರೆ ಹರಿಯುವ ನೀರಿನಡಿ ಕನಿಷ್ಠ 15–20 ನಿಮಿಷ ತೊಳೆಯಿರಿ. ಕ್ಷಾರಕ್ಕೆ ಹುಳಿ ಮದ್ದು ಎಂದು ನಿಂಬೆ, ವಿನೆಗರ್ ಹಚ್ಚಬೇಡಿ. ಕಣ್ಣಿಗಾದರೆ ತೊಳೆಯುತ್ತಲೇ ಆಸ್ಪತ್ರೆಗೆ ಹೊರಡಿ. ಕಟ್ಟಿಕೊಂಡ ಸಿಂಕಿನ ಪೈಪು ಬಿಡಿಸುವ ಪುಡಿಗಳಲ್ಲಿ ಬೇರೆ ವಸ್ತುಗಳೂ ಇರುತ್ತವೆ, ಅವು ಸೋಪಿಗೆ ಆಗುವುದಿಲ್ಲ. ಶುದ್ಧತೆ ಎಷ್ಟೆಂದು ಬರೆದಿರುವ ಕಾಸ್ಟಿಕ್ಕನ್ನೇ ಕೊಳ್ಳಿ. ಅದು ಗಾಳಿಯ ತೇವ ಹೀರುತ್ತದೆ, ಡಬ್ಬಿ ತೆರೆದಿಟ್ಟರೆ ತೂಕವೇ ಸುಳ್ಳಾಗುತ್ತದೆ.

### ಗಟ್ಟಿಯಾಗುವ ತನಕ

ಕಾಸ್ಟಿಕ್ ನೀರೂ ಎಣ್ಣೆಯೂ 40 ಡಿಗ್ರಿ ಆಸುಪಾಸಿಗೆ ಇಳಿದ ಮೇಲೆ ಸೇರಿಸಿ ಕಡೆಯುತ್ತಾರೆ. ಕೈಯಲ್ಲಿ ಕಡೆದರೆ ಹೊತ್ತು ಹಿಡಿಯುತ್ತದೆ, ಹ್ಯಾಂಡ್ ಬ್ಲೆಂಡರ್ ಇದ್ದರೆ ಕೆಲವೇ ನಿಮಿಷ. ಮೊದಲು ಎಣ್ಣೆ ಬಣ್ಣ ಮಸುಕಾಗುತ್ತದೆ, ಆಮೇಲೆ ಮಂದವಾಗುತ್ತದೆ. ಸೌಟಿನಿಂದ ಮೇಲೆ ಒಂದು ಗೆರೆ ಸುರಿದರೆ ಅದು ಮುಳುಗದೆ ಒಂದು ಕ್ಷಣ ನಿಲ್ಲಬೇಕು. ಆಗ ಅಚ್ಚಿಗೆ ಹೊಯ್ಯುವುದು. ಒಂದೆರಡು ದಿನದಲ್ಲಿ ಗಟ್ಟಿಯಾಗುತ್ತದೆ, ಕೈಗವಸು ಹಾಕಿಕೊಂಡೇ ಕೊಯ್ಯಬೇಕು. ಅಷ್ಟರಲ್ಲಿ ಕಾಸ್ಟಿಕ್ ಹೆಚ್ಚುಕಡಿಮೆ ಪೂರ್ತಿ ಖರ್ಚಾಗಿರುತ್ತದೆ. ಹಾಗಿದ್ದರೆ 4ರಿಂದ 6 ವಾರ ಗಾಳಿಯಾಡುವ ಕಡೆ ಯಾಕೆ ಇಡುತ್ತಾರೆ? ಉಳಿದ ನೀರು ಹಾರಿ ಬಿಲ್ಲೆ ಗಟ್ಟಿಯಾಗಲು, ಬಳಸುವಾಗ ಬೇಗ ಕರಗದಿರಲು. ಮೇಲೆ ಬಿಳಿ ಪುಡಿ ಕೂತರೆ ಹೆದರಬೇಡಿ. ಗಾಳಿಯ ಇಂಗಾಲದ ಡೈಆಕ್ಸೈಡ್ ತಾಗಿ ಆದ ವಾಷಿಂಗ್ ಸೋಡಾ ಅದು, ಒರೆಸಿದರೆ ಹೋಗುತ್ತದೆ.

ಅರಿಶಿನ ಹಾಕಿದ ಸೋಪು ಹಳದಿಯಾಗದೆ ಕೆಂಪು ಕಿತ್ತಳೆಗೆ ಯಾಕೆ ತಿರುಗಿತು ಎಂದು ಈಗ ನೀವೇ ಹೇಳಬಲ್ಲಿರಿ. ಬೀಟ್‌ರೂಟ್ ಕಂದಾಗುತ್ತದೆ, ಗುಲಾಬಿ ದಳವೂ ಕಂದು. ಇದೇ ಕಾರಣಕ್ಕೆ ಅರಿಶಿನದ ಕಾಗದದಿಂದ ಸೋಪು ಸರಿಯಿದೆಯೇ ಎಂದು ತಿಳಿಯಲಾಗದು. ಒಳ್ಳೆಯ ಸೋಪೂ ಅದನ್ನು ಕೆಂಪು ಮಾಡುತ್ತದೆ, ಕಾಸ್ಟಿಕ್ ಉಳಿದ ಸೋಪೂ ಕೆಂಪು ಮಾಡುತ್ತದೆ. ಅದಕ್ಕೆ ಅಂಕಿ ತೋರಿಸುವ ಪಿಎಚ್ ಪಟ್ಟಿ ಬೇಕು. 9–10 ಇದ್ದರೆ ಸರಿ, 11 ದಾಟಿದರೆ ಮೈಗೆ ಬೇಡ. ಇನ್ನು ಕೇಸರಿ, ಬೇವು, ಪಪ್ಪಾಯ ಹಾಕಿದ ಸೋಪಿನಿಂದ ಎಷ್ಟು ಉಪಯೋಗ ಎಂದು ಕೇಳಿದರೆ, ಅರ್ಧ ನಿಮಿಷದಲ್ಲಿ ತೊಳೆದುಹೋಗುವ ಪದಾರ್ಥದಿಂದ ಹೆಚ್ಚು ನಿರೀಕ್ಷೆ ಬೇಡ ಎನ್ನುತ್ತೇನೆ.

## ಅದೇ ಸೋಪನ್ನು ತಲೆಗೆ ಹಾಕಿದರೆ ಜಿಗುಟು ಯಾಕೆ?

ಬೋರ್‌ವೆಲ್ ನೀರು ಬರುವ ಮನೆಗಳಲ್ಲಿ ಬಕೆಟ್ಟಿನ ಅಂಚಿಗೆ ಬಿಳಿ ಕಟ್ಟುವುದನ್ನು ನೋಡಿರುತ್ತೀರಿ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಸೋಪು ಅವುಗಳ ಜೊತೆ ಸೇರಿದರೆ ನೀರಲ್ಲಿ ಕರಗದ ಮಡ್ಡಿಯಾಗುತ್ತದೆ. ಮೈಮೇಲಿಂದ ಹೇಗೋ ಜಾರಿಹೋಗುತ್ತದೆ, ಕೂದಲಲ್ಲಿ ಕೂತುಬಿಡುತ್ತದೆ. ಮೇಲಾಗಿ ಕ್ಷಾರಕ್ಕೆ ಕೂದಲಿನ ಹೊರಪದರ ಬಿಚ್ಚಿಕೊಂಡು ಒರಟಾಗುತ್ತದೆ. ಸೀಗೆ, ಅಂಟುವಾಳದ ಸಪೋನಿನ್ ಈ ಥರ ಮಡ್ಡಿ ಕಟ್ಟುವುದಿಲ್ಲ. ಸೋಪನ್ನೇ ಹಾಕುವುದಾದರೆ ಕೊನೆಗೆ ಒಂದು ಚೊಂಬು ನೀರಿಗೆ ಒಂದು ಚಮಚ ನಿಂಬೆರಸ ಬೆರೆಸಿ ಹೊಯ್ದು, ಮತ್ತೆ ಬರೀ ನೀರು ಹಾಕಿಕೊಂಡರೆ ಜಿಗುಟು ಕಡಿಮೆಯಾಗುತ್ತದೆ.

## ಜೆಲ್, ಟೋನರ್, ಕ್ರೀಮು

ಲೋಳೆಸರ ಕೊಯ್ದ ಕೂಡಲೇ ಬುಡದಿಂದ ಹಳದಿ ರಸ ಇಳಿಯುತ್ತದೆ. ಕೆಲವರಿಗೆ ಅದರಿಂದ ತುರಿಕೆ ಬರುತ್ತದೆ. ಎಲೆಯನ್ನು ಕಾಲು ಗಂಟೆ ನೆಟ್ಟಗೆ ನಿಲ್ಲಿಸಿ ಅದು ಇಳಿದುಹೋದ ಮೇಲೆ ತೊಳೆದು ಸಿಪ್ಪೆ ತೆಗೆಯಿರಿ. ಒಳಗಿನ ತಿಳಿ ಲೋಳೆಯನ್ನು ಅಂದೇ ಬಳಸುವುದು ಉತ್ತಮ, ಫ್ರಿಜ್ಜಲ್ಲಿ ನಾಲ್ಕೈದು ದಿನ. ಅಕ್ಕಿ ತೊಳೆದ ನೀರಿಗೆ ಆಯುಸ್ಸು ಒಂದೇ ದಿನ.

ಕೆಟ್ಟಿದ್ದು ಕಣ್ಣಿಗೆ ಕಂಡೇ ಕಾಣುತ್ತದೆ ಎಂದು ನಂಬಬೇಡಿ. ಬೂಷ್ಟು ಕಾಣುತ್ತದೆ, ಬ್ಯಾಕ್ಟೀರಿಯಾ ಕಾಣುವುದಿಲ್ಲ. ಸೂಡೊಮೊನಾಸ್ ಎಂಬ ಜಾತಿಯ ಬ್ಯಾಕ್ಟೀರಿಯಾ ಇಂಥ ಒದ್ದೆ ಪದಾರ್ಥಗಳಲ್ಲಿ ಬೆಳೆಯುತ್ತದೆ. ಗಾಯಕ್ಕೆ, ಕಣ್ಣಿಗೆ ಸೇರಿದರೆ ಕೆಟ್ಟ ಸೋಂಕು ತರಬಲ್ಲದು. ಕಂಪನಿಗಳು ಕ್ರೀಮಿಗೆ ಪ್ರಿಸರ್ವೇಟಿವ್ ಹಾಕುವುದು ಇದಕ್ಕೇ. ಫಿನಾಕ್ಸಿಎಥನಾಲ್ ಎಂಬುದನ್ನು ಗರಿಷ್ಠ ಶೇ 1ರವರೆಗೆ ಬಳಸುತ್ತಾರೆ. ಜಾಮಿಗೆ ಹಾಕುವ ಸೋಡಿಯಂ ಬೆಂಜೊಯೇಟ್ ಕೂಡ ಬಳಕೆಯಲ್ಲಿದೆ, ಆದರೆ ಪಿಎಚ್ 5ಕ್ಕಿಂತ ಕೆಳಗಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಬೇವಿನ ರಸ, ಜೇನು, ಲವಂಗದೆಣ್ಣೆ ಎರಡು ಹನಿ, ಇವು ಆ ಜಾಗ ತುಂಬುವುದಿಲ್ಲ. ಗಟ್ಟಿ ಸೋಪಿಗೆ ಪ್ರಿಸರ್ವೇಟಿವ್ ಬೇಡ, ನೀರು ಕಡಿಮೆ, ಕ್ಷಾರ ಜಾಸ್ತಿ.

ಪ್ರಿಸರ್ವೇಟಿವ್ ಬೇಡವೇ ಬೇಡ ಎನ್ನುವವರಿಗೂ ದಾರಿಯಿದೆ. ಒಣಪುಡಿ ಮಾಡಿಟ್ಟುಕೊಂಡು ಬೇಕಾದಾಗ ಮೊಸರಿನಲ್ಲೋ ಹಾಲಿನಲ್ಲೋ ಕಲಸಿಕೊಳ್ಳುವುದು, ಉಳಿದದ್ದನ್ನು ಚೆಲ್ಲುವುದು.

## ಅಡುಗೆಮನೆಯಿಂದ ನೇರ ಮುಖಕ್ಕೆ ಬೇಡವಾದವು

ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗುವುದು ಎಲ್ಲಕ್ಕಿಂತ ಕೆಟ್ಟದ್ದು. ಅದರಲ್ಲಿರುವ ಕೆಲವು ವಸ್ತುಗಳು ಬಿಸಿಲು ತಾಗಿದರೆ ಚರ್ಮದಲ್ಲಿ ಸುಟ್ಟ ಗುಳ್ಳೆ ಎಬ್ಬಿಸುತ್ತವೆ, ಮೇಲೆ ಕಪ್ಪು ಕಲೆ ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿಯುತ್ತದೆ. ಬೆಳ್ಳಗಾಗಲು ಹಚ್ಚಿ ಕಪ್ಪು ಕಲೆ ತಂದುಕೊಂಡಂತಾಯಿತು. ಅಡುಗೆ ಸೋಡಾದಲ್ಲಿ ಮುಖ ತಿಕ್ಕುವುದೂ ಬೇಡ, ಕ್ಷಾರ.

ಪರಿಮಳಕ್ಕೆ ಹಾಕುವ ಸುಗಂಧ ತೈಲಗಳು ಬಹಳ ತೀಕ್ಷ್ಣ. ಮೈಯೆಣ್ಣೆ 100 ಮಿಲಿಗೆ 1 ಮಿಲಿ, ಅಂದರೆ ಸುಮಾರು 20 ಹನಿ ಸಾಕು, ಮುಖಕ್ಕೆ ಅದರ ಅರ್ಧ. ಹಸುಗೂಸುಗಳಿಗೆ ಕರ್ಪೂರ ಬೆರೆಸಿದ ಎಣ್ಣೆ ಹಚ್ಚಬಾರದು. ಮನೆಯಲ್ಲಿ ಹರಳೆಣ್ಣೆ ದೀಪದಲ್ಲಿ ಹಿಡಿದ ಕಾಡಿಗೆಯೂ ಅವರ ಕಣ್ಣೊಳಗೆ ಬೇಡ, ದೃಷ್ಟಿಬೊಟ್ಟು ಕೆನ್ನೆಗೋ ಅಂಗಾಲಿಗೋ ಇಟ್ಟರಾಯಿತು. ಗೋರಂಟಿ ಸಹಜವಾಗಿ ಕೊಡುವುದು ಕಿತ್ತಳೆಯಿಂದ ಕೆಂಗಂದು ಬಣ್ಣ. ಗಳಿಗೆಯಲ್ಲಿ ಕಡುಕಪ್ಪು ಬರುವ ‘ಮೆಹಂದಿ’ಯಲ್ಲಿ ಸಾಮಾನ್ಯವಾಗಿ ಪಿಪಿಡಿ ಎಂಬ ಕೂದಲ ಬಣ್ಣದ ರಾಸಾಯನಿಕ ಇರುತ್ತದೆ, ಅದರಿಂದ ತೀವ್ರ ಅಲರ್ಜಿ ಆಗಬಹುದು.

ಏನೇ ಹೊಸದು ಮಾಡಿದರೂ ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದೆರಡು ದಿನ ಕಾಯಿರಿ. ಗಂಧ, ಅರಿಶಿನ, ಕಡಲೆಹಿಟ್ಟಿಗೂ ಅಲರ್ಜಿ ಇರುವವರಿದ್ದಾರೆ.

## ಮಾರುವ ಯೋಚನೆ ಇದ್ದರೆ

ಮನೆಮಂದಿಗೆ ಮಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಮಾರಲು ಬೇಕು. ಭಾರತದಲ್ಲಿ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, 2020ರ ಕಾಂತಿವರ್ಧಕ ನಿಯಮಗಳ ಪ್ರಕಾರ ಮಾರಾಟಕ್ಕಾಗಿ ಸೋಪು, ಕ್ರೀಮು, ಶಾಂಪೂ ತಯಾರಿಸಲು ರಾಜ್ಯದ ಪರವಾನಗಿ ಅಧಿಕಾರಿಯಿಂದ ಲೈಸೆನ್ಸ್ ಪಡೆಯಬೇಕು. ಇನ್‌ಸ್ಟಾಗ್ರಾಂನಲ್ಲಿ ಮಾರಿದರೂ ಅಷ್ಟೇ, ಸಂತೆಯಲ್ಲಿ ಮಾರಿದರೂ ಅಷ್ಟೇ. ಲೇಬಲ್ ಮೇಲೆ ತಯಾರಕರ ಹೆಸರು ವಿಳಾಸ, ಬ್ಯಾಚ್ ಸಂಖ್ಯೆ, ಲೈಸೆನ್ಸ್ ಸಂಖ್ಯೆ, ಯಾವಾಗಿನೊಳಗೆ ಬಳಸಬೇಕು, ಒಳಗೆ ಏನೇನಿದೆ ಎಲ್ಲ ಇರಬೇಕು. ‘ಸೋರಿಯಾಸಿಸ್ ವಾಸಿಯಾಗುತ್ತದೆ’ ಎಂದು ಬರೆದರೆ ಅದು ಸೋಪಿನ ಲೆಕ್ಕ ಬಿಟ್ಟು ಔಷಧದ ಲೆಕ್ಕಕ್ಕೆ ಹೋಗುತ್ತದೆ. ಅದರ ಕಾನೂನು ಇನ್ನೂ ಬಿಗಿ.

ನೀವು ಕೊಳ್ಳುವವರಾದರೆ ಲೇಬಲ್ ಮೇಲೆ ಲೈಸೆನ್ಸ್ ಸಂಖ್ಯೆ ನೋಡಿ. ಆಮೇಲೆ ಮಾರುವವರನ್ನು ಕೇಳಿ: ಯಾವ ಎಣ್ಣೆ, ಕಾಸ್ಟಿಕ್ ಶೇಕಡಾ ಎಷ್ಟು ಕಡಿಮೆ ಮಾಡಿದ್ದೀರಿ, ಯಾವತ್ತು ಅಚ್ಚಿಗೆ ಹೊಯ್ದದ್ದು? ಸರಿಯಾಗಿ ಮಾಡುವವರು ಇದನ್ನು ಬ್ಯಾಚ್ ಪ್ರಕಾರ ಪುಸ್ತಕದಲ್ಲಿ ಬರೆದಿಟ್ಟಿರುತ್ತಾರೆ, ಕೇಳಿದರೆ ತೆಗೆದು ತೋರಿಸುತ್ತಾರೆ. ‘ನಮ್ಮದರಲ್ಲಿ ಕಾಸ್ಟಿಕ್ ಹಾಕುವುದೇ ಇಲ್ಲ’ ಎಂಬ ಉತ್ತರ ಬಂದರೆ, ಯಾವ ಬೇಸ್ ಕರಗಿಸಿದ್ದು ಎಂದು ಮುಂದಿನ ಪ್ರಶ್ನೆ ಕೇಳಿ.